ದಂಬೆ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು

ನಮ್ಮ ಅಡುಗೆಮನೆಯ ಹಿಂಗೋಡೆಯಲ್ಲಿ, ಕಿಟಕಿಯಿಂದ ಒಂದು ಮೊಳ ಮೇಲೆ, ಒಂದು ಕಂದು ಕಲೆ ಇದೆ. ಎರಡು ಸಲ ಸುಣ್ಣ ಹೊಡೆದರೂ ಅದು ಮತ್ತೆ ಮೇಲೆದ್ದು ಬಂದಿದೆ. ಕೆಲವು ವರ್ಷಗಳ ಹಿಂದೆ, ಆರಿದ್ರಾ ಮಳೆಯ ಒಂದು ರಾತ್ರಿ, ಸೂರಿನಿಂದ ಬೀಳುವ ಮಳೆನೀರನ್ನು ಹಿಡಿದು ಕೊಳವೆಗೆ ಸಾಗಿಸಲೆಂದು ಆ ಬೇಸಿಗೆಯಲ್ಲಷ್ಟೇ ಕಟ್ಟಿಸಿದ್ದ ಹೊಸ ದಂಬೆ (ಗಟರ್) ತುಂಬಿ, ನೀರು ಅಂಗಳದ ಕಡೆಗೆ ಚೆಲ್ಲುವ ಬದಲು ಹಿಂದಕ್ಕೆ ಸರಿದು ಗೋಡೆಯ ತಲೆಯ ಮೇಲೆ ಇಳಿಯಿತು. ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲಿನ ಮರ ನೀರು ಕುಡಿದಿತ್ತು. ಒಳಗಿನ ಗಿಲಾವು ಉಬ್ಬಿ, ಅಂಗೈಯಗಲದ ತುಂಡುಗಳಾಗಿ ಕಳಚಿ ಒಲೆಯ ಕಟ್ಟೆಯ ಮೇಲೆ ಬೀಳುತ್ತಿತ್ತು. ಮಳೆ ತುಸು ಬಿಟ್ಟಾಗ ಏಣಿ ಹಾಕಿ ದಂಬೆಯ ಬಾಯಿಗೆ ಕೈಹಾಕಿದೆ. ತೆಂಗಿನ ಹಿಂಗಾರದಿಂದ ಉದುರಿದ ಒಣಹೂ, ಬಿದಿರೆಲೆ, ಹಂಚಿನಿಂದ ಕಳಚಿದ ಪಾಚಿ ಎಲ್ಲ ಸೇರಿ ಬಿಲ್ವದ ಕಾಯಿಯ ಗಾತ್ರದ ಒಂದು ಉಂಡೆಯಾಗಿ ಅಲ್ಲಿ ಕುಳಿತಿತ್ತು. ಎಳೆದು ತೆಗೆದ ಕೂಡಲೇ ಕೊಳವೆ ಗುಟುಗುಟು ಸದ್ದು ಮಾಡುತ್ತ ನಿಂತ ನೀರನ್ನೆಲ್ಲ ನುಂಗಿತು.

ಕಸದಿಂದ ಆದ ತೊಂದರೆ ಎಂದು ಅಂದು ಸಮಾಧಾನಪಟ್ಟುಕೊಂಡೆ. ಆದರೆ ಮೂರು ದಿನ ಕಳೆದು ಮತ್ತೊಂದು ಜೋರುಮಳೆ ಬಂದಾಗ, ಬಾಯಿ ಪೂರ್ತಿ ಸ್ವಚ್ಛವಿದ್ದರೂ, ದಂಬೆ ತುಂಬಿ ಹಿಂದಕ್ಕೇ ಚೆಲ್ಲಿತು. ಆಗ ನನಗೆ ಅರಿವಾದದ್ದು ಇಷ್ಟು: ದಂಬೆ ಕಟ್ಟಿದವರಾಗಲಿ, ಹಣ ಕೊಟ್ಟ ನಾನಾಗಲಿ, ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿರಲಿಲ್ಲ. ದಂಬೆ ಎಷ್ಟು ದೊಡ್ಡದಿದ್ದರೂ ಒಂದಲ್ಲ ಒಂದು ಮಳೆಗೆ ತುಂಬುತ್ತದೆ. ತುಂಬಿದಾಗ ಹೆಚ್ಚಿನ ನೀರು ಎಲ್ಲಿಗೆ ಹೋಗಬೇಕು ಎಂಬುದು ಮೊದಲೇ ನಿಶ್ಚಯವಾಗಬೇಕು. ಆಮೇಲೆ ನಾನು ಓದಿ, ಕೇಳಿ, ಅಳೆದು, ಬದಲಾಯಿಸಿ ಕಲಿತದ್ದನ್ನೆಲ್ಲ ಮನೆ ಕಟ್ಟುವವರಿಗೂ ರಿಪೇರಿ ಮಾಡಿಸುವವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ. ಆದರೂ ನಮ್ಮ ಹಿರಿಯರ ಮನೆಗಳಲ್ಲಿ ಸೂರಿನ ಉದ್ದಕ್ಕೂ ದಂಬೆ ಇರುತ್ತಿರಲಿಲ್ಲ. ಮಾಡನ್ನು (ಇಳಿಜಾರು ಛಾವಣಿಯನ್ನು) ಗೋಡೆಯಿಂದ ಮೂರು ನಾಲ್ಕು ಅಡಿ ಹೊರಕ್ಕೆ ಚಾಚಿ, ಸೂರುನೀರು ಬೀಳುವ ಸಾಲಿನಲ್ಲಿ ಕಲ್ಲುಚಪ್ಪಡಿ ಹಾಸಿ, ಅದರಾಚೆ ಕಾಲುವೆ ತೆಗೆಯುತ್ತಿದ್ದರು. ಮಳೆಗಾಲಕ್ಕೆ ಗಾಳಿಯ ದಿಕ್ಕಿನಲ್ಲಿ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ದಂಬೆ ಬೇಕಾಗುತ್ತಿದ್ದದ್ದು ಓಡಾಡುವ ಬಾಗಿಲಿನ ಮೇಲೆ ಮತ್ತು ಎರಡು ಮಾಡುಗಳ ನಡುವೆ. ಅದನ್ನು ಅಡಿಕೆ ಮರವನ್ನು ಸೀಳಿ, ಒಳಗಿನ ಮೆತ್ತನೆಯ ತಿರುಳು ಕೆತ್ತಿ ತೆಗೆದು ಮಾಡುತ್ತಿದ್ದರು. ಹೆಚ್ಚು ಬಾಳಿಕೆ ಬೇಕಿದ್ದರೆ ಬಗನಿ ಮರ ಹುಡುಕುತ್ತಿದ್ದರು. ತೋಟಕ್ಕೆ ನೀರು ಹಾಯಿಸುವ ದಂಬೆಯೂ ಅದೇ. ಹೆಸರೂ ಅಲ್ಲಿಂದಲೇ ಬಂದು ಇಂದಿನ ತಗಡಿನ ಗಟರ್‌ಗೂ ಅಂಟಿಕೊಂಡಿದೆ. ಈ ಹಳೆಯ ಕ್ರಮ ಇಂದಿಗೂ ತಪ್ಪೇನಲ್ಲ. ಸೂರು ಧಾರಾಳವಾಗಿ ಚಾಚಿದ್ದು, ಸುತ್ತ ಜಾಗವಿದ್ದು, ನೀರು ಬೀಳುವ ನೆಲ ಗಟ್ಟಿಯಾಗಿದ್ದರೆ ಆ ಬದಿಗೆ ದಂಬೆ ಹಾಕದಿರುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಇಲ್ಲದ ದಂಬೆಗೆ ಕಸ ಕಟ್ಟುವುದಿಲ್ಲ.

ಸೂರಿನ ಚಾಚು ಒಂದೂವರೆ ಅಡಿಗೆ ಇಳಿದಿರುವ, ಪಕ್ಕದ ಮನೆಯ ಕಾಂಪೌಂಡು ಮೂರು ಅಡಿಯಲ್ಲೇ ಇರುವ ಇಂದಿನ ಮನೆಗಳಿಗೆ ಆ ಸೌಲಭ್ಯವಿಲ್ಲ. ಅಲ್ಲಿ ದಂಬೆ ಬೇಕೇ ಬೇಕು; ಹಾಕಿಸುವಾಗ ಲೆಕ್ಕವೂ ಬೇಕು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹಿಂಬದಿಯ ಮಾಡು 12 ಮೀಟರ್ ಉದ್ದ. ನೆಲದ ಮೇಲೆ ಅಳೆದರೆ 5 ಮೀಟರ್ ಅಗಲ. ಅಂದರೆ 60 ಚದರ ಮೀಟರ್. ಗಾಳಿ ಸಮೇತ ಓರೆಯಾಗಿ ಹೊಡೆಯುವ ಮಳೆಯನ್ನು ಇಳಿಜಾರು ಮಾಡು ತನ್ನ ಎತ್ತರದಿಂದಲೂ ಹಿಡಿಯುವುದರಿಂದ, ಎತ್ತರದ ಅರ್ಧದಷ್ಟನ್ನು ಅಗಲಕ್ಕೆ ಕೂಡಿಸುವುದು ರೂಢಿಯಲ್ಲಿರುವ ಕ್ರಮ. ನಮ್ಮ ಮಾಡಿನ ಎತ್ತರ 3 ಮೀಟರ್. ಹಾಗಾಗಿ ಅಗಲವನ್ನು 6.5 ಎಂದು ಹಿಡಿದರೆ 78 ಚದರ ಮೀಟರ್ ಆಗುತ್ತದೆ. ಗಂಟೆಗೆ 100 ಮಿಲಿಮೀಟರ್ ವೇಗದ ಮಳೆಗೆ ಇದು 7,800 ಲೀಟರ್. ನಿಮಿಷಕ್ಕೆ 130 ಲೀಟರ್. ನಿಮಿಷಕ್ಕೆ ಎಂಟೊಂಬತ್ತು ದೊಡ್ಡ ಕೊಡಪಾನ ನೀರು ಒಂದೇ ಸಮನೆ ಸುರಿಯುವುದನ್ನು ಕಣ್ಣಮುಂದೆ ತಂದುಕೊಂಡರೆ ಈ ಅಂಕಿಯ ತೂಕ ತಿಳಿಯುತ್ತದೆ. ವರ್ಷದ ಒಟ್ಟು ಮಳೆ ಎಷ್ಟೆಂಬುದು ದಂಬೆಗೆ ಮುಖ್ಯವಲ್ಲ. ಅತ್ಯಂತ ಜೋರಾಗಿ ಹೊಡೆಯುವ ಹತ್ತು ನಿಮಿಷ ಮುಖ್ಯ. ವರ್ಷದ ಸರಾಸರಿ 1,000 ಮಿಲಿಮೀಟರ್ ಮುಟ್ಟದ ಬೆಂಗಳೂರಿನಲ್ಲೂ ಮೇ ತಿಂಗಳ ಒಂದು ಗುಡುಗುಮಳೆ ನಮ್ಮ ಜಡಿಮಳೆಗಿಂತ ಜೋರಾಗಿರಬಹುದು. ಆದ್ದರಿಂದ ಬಯಲುಸೀಮೆಯವರು ತಮಗೆ ಸಣ್ಣ ದಂಬೆ ಸಾಕೆಂದು ತಿಳಿಯಬಾರದು.

ಇಷ್ಟು ನೀರನ್ನು ಕೆಳಗಿಳಿಸುವ ಕೊಳವೆ ಎಷ್ಟು ದಪ್ಪವಿರಬೇಕು ಎಂಬುದಕ್ಕೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೇ ಪಟ್ಟಿ ಇದೆ. ಗಂಟೆಗೆ 100 ಮಿಲಿಮೀಟರ್ ಮಳೆಗೆ 75 ಮಿಲಿಮೀಟರ್ ವ್ಯಾಸದ ಕೊಳವೆ 20.4 ಚದರ ಮೀಟರ್ ಮಾಡಿಗೆ ಸಾಕು. 100 ಮಿಲಿಮೀಟರ್ ಕೊಳವೆ 42.7 ಚದರ ಮೀಟರಿಗೆ ಸಾಕು. ಒಂದೇ ಒಂದು ಇಂಚು ಹೆಚ್ಚಾದರೆ ಸಾಮರ್ಥ್ಯ ಎರಡರಷ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. ನಮ್ಮ ಮನೆಯ 78 ಚದರ ಮೀಟರಿಗೆ ಹಾಕಿದ್ದದ್ದು ಒಂದು ತುದಿಯಲ್ಲಿ 75 ಮಿಲಿಮೀಟರಿನ ಒಂದೇ ಕೊಳವೆ. ಮೇಲಿನ ದಂಬೆಯೇನೋ ಆರಿಂಚು ಅಗಲವಿತ್ತು, ನೋಡಲು ಗಂಭೀರವಾಗಿತ್ತು; ಆದರೆ ಅಗಲವಾದ ದಂಬೆಗೆ ಕಿರಿದಾದ ಬಾಯಿ ಇಟ್ಟರೆ ದಂಬೆಯ ಅಗಲ ವ್ಯರ್ಥ. ಈಗ ಎರಡೂ ತುದಿಗೆ ಒಂದೊಂದು 100 ಮಿಲಿಮೀಟರಿನ ಕೊಳವೆ ಹಾಕಿಸಿದ್ದೇನೆ. ಅಲ್ಲಿಗೆ 85 ಚದರ ಮೀಟರಿನ ಸಾಮರ್ಥ್ಯವಾಯಿತು. ಮಳೆ ಗಂಟೆಗೆ 150ರ ವೇಗಕ್ಕೆ ಏರಿದರೆ ಅದೇ ಪಟ್ಟಿಯ ಪ್ರಕಾರ ಈ ಎರಡು ಕೊಳವೆಗಳೂ ಸೇರಿ 57 ಚದರ ಮೀಟರಿಗಷ್ಟೇ ಸಾಲುತ್ತವೆ. ಅಂದರೆ ಅಂಥ ಹತ್ತು ನಿಮಿಷದಲ್ಲಿ ದಂಬೆ ತುಂಬಿ ಚೆಲ್ಲಲೇಬೇಕು.

ಹಾಗಾಗಿ ದಂಬೆಯ ಮುಂದಿನ ಅಂಚು ಹಿಂದಿನ ಅಂಚಿಗಿಂತ ಅರ್ಧ ಇಂಚಾದರೂ ತಗ್ಗಿರಬೇಕು. ಆಗ ಹೆಚ್ಚಾದ ನೀರು ಅಂಗಳಕ್ಕೆ ಬೀಳುತ್ತದೆ, ಗೋಡೆಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಚಂದಕ್ಕಾಗಿ ಮುಂದಿನ ಅಂಚನ್ನು ಎತ್ತರಿಸಿ ಮಡಚಿದ್ದರು, ಹಿಂದಿನದು ಅದಕ್ಕಿಂತ ಒಂದು ಬೆರಳು ಕೆಳಗಿತ್ತು. ಆ ಒಂದು ಬೆರಳಿನಿಂದ ಗೋಡೆ ಹಾಳಾಯಿತು. ಅಂಗಡಿಯಲ್ಲಿ ದಂಬೆ ಆರಿಸುವಾಗ ಬಣ್ಣ ನೋಡುವ ಮೊದಲು ಒಂದು ತುಂಡನ್ನು ಮಟ್ಟವಾಗಿ ಹಿಡಿದು, ಯಾವ ಅಂಚು ಎತ್ತರವಿದೆ ಎಂದು ನೋಡಿ.

ಇನ್ನು ವಾಟ. ಇಳಿಜಾರು ಹೆಚ್ಚು ಕೊಟ್ಟಷ್ಟೂ ನೀರು ಬೇಗ ಓಡುತ್ತದೆಂದು ಮನೆಯವರೂ ಕೆಲಸದವರೂ ನಂಬುತ್ತಾರೆ. 200ಕ್ಕೆ 1ರ ವಾಟ ಸಾಕು. ಅಂದರೆ 6 ಮೀಟರಿಗೆ 30 ಮಿಲಿಮೀಟರ್. ಹನ್ನೆರಡು ಮೀಟರ್ ಉದ್ದದ ದಂಬೆಗೆ ಒಂದೇ ಕಡೆಗೆ ವಾಟ ಕೊಟ್ಟರೆ ಕೊನೆಯಲ್ಲಿ ಅದು ಎರಡೂಕಾಲು ಇಂಚಿನಷ್ಟು ಕೆಳಗಿಳಿದಿರುತ್ತದೆ. ಆಗ ಸೂರಿನ ಹಂಚಿನ ತುದಿಗೂ ದಂಬೆಗೂ ಅಂತರವಾಗಿ, ಜೋರುಮಳೆಯಲ್ಲಿ ನೀರು ದಂಬೆಯನ್ನು ದಾಟಿ ಮುಂದಕ್ಕೆ ಹಾರುತ್ತದೆ, ಸಣ್ಣ ಮಳೆಯಲ್ಲಿ ಗಾಳಿಗೆ ಹಿಂದಕ್ಕೆ ತೂರುತ್ತದೆ. ನಡುವಿನಿಂದ ಎರಡೂ ಕಡೆಗೆ ವಾಟ ಕೊಟ್ಟರೆ ಈ ತೊಂದರೆ ಅರ್ಧಕ್ಕಿಳಿಯುತ್ತದೆ. ಹಂಚಿನ ತುದಿ ದಂಬೆಯ ಅಗಲದ ಮೂರನೇ ಒಂದು ಭಾಗದಷ್ಟು ಒಳಗೆ ಚಾಚಿರಲಿ. ಬ್ರ್ಯಾಕೆಟ್‌ಗಳು ಎರಡಡಿಗೆ ಒಂದರಂತೆ ಇರಲಿ. ನಮ್ಮ ಕಡೆಗೆ ನಾನು ಒಂದೂವರೆ ಅಡಿಗೆ ಒಂದು ಎನ್ನುತ್ತೇನೆ. ಆರಿಂಚು ಚೌಕದ ದಂಬೆ ತುಂಬಿ ನಿಂತರೆ ಪ್ರತಿ ಮೀಟರಿಗೆ 22 ಲೀಟರಿಗೂ ಹೆಚ್ಚು ನೀರು, ಅಂದರೆ ಅಷ್ಟೇ ಕಿಲೋ ಭಾರ. ಆರು ಮೀಟರಿಗೆ ಇಬ್ಬರು ಆಳುಗಳ ತೂಕ ಸೂರಿಗೆ ನೇತುಬಿದ್ದ ಹಾಗೆ. ವಾಟವನ್ನು ಕಣ್ಣಂದಾಜಿನಲ್ಲಿ ನೋಡಲು ಬಿಡಬೇಡಿ. ಹಳೆಯ ಮನೆಗಳ ಸೂರೇ ಮಟ್ಟವಾಗಿರುವುದಿಲ್ಲ. ನೀರು ತುಂಬಿದ ಲೆವೆಲ್ ಟ್ಯೂಬು ಹಿಡಿದು ಎರಡು ತುದಿ ಗುರುತುಮಾಡಿ, ನೂಲು ಕಟ್ಟಿ, ಆ ನೂಲಿಗೆ ಬ್ರ್ಯಾಕೆಟ್ ಹೊಡೆಸಬೇಕು. ಕೆಲಸ ಮುಗಿದ ದಿನವೇ ಎತ್ತರದ ತುದಿಯಲ್ಲಿ ನಾಲ್ಕು ಬಕೆಟ್ ನೀರು ಸುರಿದು, ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಕೊನೆಯ ಕಂತಿನ ಹಣ ಕೊಡಿ.

ಯಾವ ಸಾಮಾನು ಹಾಕಿಸಬೇಕೆಂದು ನನ್ನನ್ನು ಬಹಳ ಮಂದಿ ಕೇಳಿದ್ದಾರೆ. ಪಿವಿಸಿ ಹಗುರ, ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆದರೆ ಬಿಸಿಲಿಗೆ ವರ್ಷ ಕಳೆದಂತೆ ಪೆಡಸಾಗುತ್ತದೆ. ಅದು ಹಿಗ್ಗುವುದು ಕುಗ್ಗುವುದೂ ಹೆಚ್ಚು: ಹತ್ತು ಮೀಟರ್ ಉದ್ದದ ಪಿವಿಸಿ ದಂಬೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸವಾದರೆ ಸುಮಾರು 20 ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಏಳು ಮಿಲಿಮೀಟರ್, ಉಕ್ಕಿನ ತಗಡು ನಾಲ್ಕು ಮಿಲಿಮೀಟರಿಗೂ ಕಡಿಮೆ. ಪಿವಿಸಿಯ ಜೋಡಣೆಗಳಲ್ಲಿ ಜರುಗಲು ಜಾಗ ಬಿಡದೆ ಅಂಟು ಹಾಕಿ ಬಿಗಿದರೆ ಎರಡನೇ ಬೇಸಿಗೆಗೇ ಬಿರುಕು ಕಾಣುತ್ತದೆ. ಮಂಗಗಳ ಕಾಟವಿರುವ ಊರಿನಲ್ಲಂತೂ ನಾನು ಅದನ್ನು ಸೂಚಿಸುವುದಿಲ್ಲ. ಒಂದು ಗಂಡುಮಂಗ ಹಲಸಿನ ಮರದಿಂದ ಹಾರಿ ದಂಬೆಗೆ ಜೋತುಬಿದ್ದು, ಅಲ್ಲಿಂದ ಕೊಳವೆ ಹಿಡಿದು ಇಳಿದದ್ದನ್ನು ನಾನೇ ಕಂಡಿದ್ದೇನೆ. ಅದು ಇಳಿಯುವಷ್ಟರಲ್ಲಿ ಎರಡು ಬ್ರ್ಯಾಕೆಟ್ ಮುರಿದಿದ್ದವು.

ಜಿಐ ತಗಡು, ಅಂದರೆ ಸತುವಿನ ಲೇಪ ಕೊಟ್ಟ ಉಕ್ಕಿನ ತಗಡು, ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುತ್ತದೆ, ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬೇಕಾದ ಆಕಾರಕ್ಕೆ ಮಡಚಿಕೊಡುತ್ತಾರೆ. ಎಂಟಡಿ ಹಾಳೆಯಿಂದ ಮಾಡಿದರೆ ಎಂಟಡಿಗೊಂದು ಜೋಡಣೆ ಬರುತ್ತದೆ, ಪ್ರತಿ ಜೋಡಣೆಯೂ ಮುಂದೊಂದು ದಿನ ಸೋರುವ ಜಾಗ. ಆದುದರಿಂದ ಉದ್ದ ಸುರುಳಿಯಿಂದ ಮಾಡಿಸಲು ಸಾಧ್ಯವಾದರೆ ಹಾಗೆ ಮಾಡಿಸಬೇಕು. ಗೇಜಿನ (ತಗಡಿನ ದಪ್ಪದ) ಜೊತೆಗೆ ಸತುವಿನ ಲೇಪ ಎಷ್ಟೆಂದು ಕೇಳಬೇಕು. ಚದರ ಮೀಟರಿಗೆ 120 ಗ್ರಾಂ ಲೇಪದ ತಗಡಿಗೂ 275 ಗ್ರಾಂ ಲೇಪದ್ದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಮಳೆಗೆ ಕಾಣುತ್ತದೆ. ಜೋಡಣೆಗೆ ಹಚ್ಚುವ ಸಿಲಿಕೋನ್ ವಿಷಯದಲ್ಲಿ ಒಂದು ಎಚ್ಚರಿಕೆ: ಹಚ್ಚುವಾಗ ವಿನೆಗರಿನ ಹುಳಿವಾಸನೆ ಬರುವ ಸಿಲಿಕೋನ್ ಸತುವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು. ನಮ್ಮ ಹಳೆಯ ದಂಬೆಯ ಪ್ರತಿ ಜೋಡಣೆಯ ಅಂಚಿನಲ್ಲೂ ತುಕ್ಕಿನ ಗೆರೆ ಸಿಲಿಕೋನಿನ ಗೆರೆಯ ಪಕ್ಕದಲ್ಲೇ ಹರಿದಿತ್ತು; ಬಿಚ್ಚಿ ನೋಡುವವರೆಗೆ ನನಗೆ ಕಾರಣ ತಿಳಿದಿರಲಿಲ್ಲ. ಹಾಗೆಯೇ ತಾಮ್ರದ ಹೊದಿಕೆಯ ಮೇಲಿಂದ ಹರಿದು ಬರುವ ನೀರನ್ನು ಜಿಐ ಅಥವಾ ಅಲ್ಯೂಮಿನಿಯಂ ದಂಬೆಗೆ ಬಿಡಬಾರದು. ಗರ್ಭಗುಡಿಗೆ ತಾಮ್ರ ಹೊದಿಸಿ, ಕೆಳಗಿನ ಸುತ್ತುಪೌಳಿಗೆ ಜಿಐ ದಂಬೆ ಕಟ್ಟಿರುವ ದೇವಸ್ಥಾನಗಳಲ್ಲಿ ಆ ದಂಬೆ ಬೇಗನೆ ತೂತಾಗುವುದು ಇದರಿಂದಲೇ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಮನೆಯ ಮುಂದೆಯೇ ಯಂತ್ರ ತಂದು ಜೋಡಣೆಯಿಲ್ಲದೆ ಇಡೀ ಉದ್ದ ಎಳೆದುಕೊಡುವವರೂ ಈಗ ಇದ್ದಾರೆ. ಆದರೆ ಅದು ಮೆತ್ತಗಿನ ಲೋಹ. ತೆಂಗಿನ ಮಡಲು ಬಿದ್ದರೆ ತಗ್ಗಾಗುತ್ತದೆ. ನಮ್ಮ ಮನೆಗೆ ಕೊನೆಗೆ ಅಲ್ಯೂಮಿನಿಯಂ-ಸತು ಮಿಶ್ರಲೇಪದ ಬಣ್ಣದ ಉಕ್ಕಿನ ತಗಡನ್ನೇ ಆರಿಸಿದೆ. ಮಂಗವೂ ಮಡಲೂ ಇರುವ ಜಾಗಕ್ಕೆ ಅದು ಸರಿ ಎಂಬುದು ನನ್ನ ತೀರ್ಮಾನ. ಸಮುದ್ರದ ಉಪ್ಪುಗಾಳಿ ಬಡಿಯುವ ಊರಿನಲ್ಲಿ ಮನೆಯಿದ್ದಿದ್ದರೆ ಅಲ್ಯೂಮಿನಿಯಂ ಹಾಕಿಸುತ್ತಿದ್ದೆ, ಅದರ ಸ್ಕ್ರೂಗಳೂ ಕಬ್ಬಿಣದವಲ್ಲದೆ ಸ್ಟೇನ್‌ಲೆಸ್ ಆಗಿರುವಂತೆ ನೋಡಿಕೊಳ್ಳುತ್ತಿದ್ದೆ.

ಮನೆಯ ದಂಬೆ ತಪ್ಪಿದರೆ ಒಂದು ಗೋಡೆ ಕೆಡುತ್ತದೆ. ವ್ಯಾಪಾರದ ಕಟ್ಟಡದಲ್ಲಿ ತಪ್ಪಿದರೆ ಆಗುವ ನಷ್ಟವೇ ಬೇರೆ. ನಮ್ಮ ಬಂಧುಗಳೊಬ್ಬರಿಗೆ ಪೇಟೆಯ ಹೊರಗೆ ಅಡಿಕೆ ದಾಸ್ತಾನಿನ ಗೋದಾಮಿದೆ. ಮೊದಲು ಒಂದು ಶೆಡ್ ಇತ್ತು, ವ್ಯಾಪಾರ ಬೆಳೆದಾಗ ಅದಕ್ಕೆ ತಾಗಿಸಿ ಇನ್ನೊಂದು ಕಟ್ಟಿಸಿದರು. ಎರಡು ಶೆಡ್ಡುಗಳ ತಗಡಿನ ಮಾಡುಗಳು ಎದುರುಬದುರಾಗಿ ಇಳಿದು ನಡುವೆ ಸೇರುವಲ್ಲಿ ಉದ್ದಕ್ಕೂ ಒಂದು ಪೆಟ್ಟಿಗೆ ದಂಬೆ. ಮನೆಯ ಸೂರಿನ ದಂಬೆ ತುಂಬಿದರೆ ಹೊರಗೆ ಚೆಲ್ಲಲು ಅಂಗಳವಿದೆ. ಈ ನಡುದಂಬೆಯ ಎರಡೂ ಬದಿಗೆ ಇರುವುದು ಗೋದಾಮಿನ ಒಳಗು. ಒಂದು ಶ್ರಾವಣದ ರಾತ್ರಿ ಎರಡು ಮಾಡುಗಳ ನೀರೂ ಒಟ್ಟಾಗಿ ಬಂದು, ಒಂದೇ ತುದಿಯಲ್ಲಿದ್ದ ಬಾಯಿಯಲ್ಲಿ ಹರಿದುಹೋಗಲಾರದೆ, ತಗಡಿನ ಅಡಿಯಿಂದ ಒಳಕ್ಕೆ ಉಕ್ಕಿತು. ಕೆಳಗೆ ಸಾಲಾಗಿ ಪೇರಿಸಿಟ್ಟ ರಾಶಿ ಅಡಿಕೆಯ ಚೀಲಗಳಿದ್ದವು. ನೆಂದ ಅಡಿಕೆಗೆ ಬೂಷ್ಟು ಹಿಡಿದರೆ ಏನಾಗುತ್ತದೆ ಎಂಬುದನ್ನು ಈ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಮರುದಿನ ಆ ಹಿರಿಯರು ಒಂದೊಂದೇ ಚೀಲದ ಬಾಯಿ ಬಿಚ್ಚಿ, ಕೈಯಾಡಿಸಿ, ಮೂಸಿ ನೋಡುತ್ತ ನಿಂತಿದ್ದ ದೃಶ್ಯ ನನ್ನ ಕಣ್ಣಿನಿಂದ ಮಾಸಿಲ್ಲ.

ಆ ದಂಬೆಗೆ ಆಮೇಲೆ ಮಾಡಿಸಿದ್ದು ಮೂರು ಕೆಲಸ. ಎರಡೂ ತುದಿಯ ಗೋಡೆ ಒಡೆದು ದಂಬೆಯನ್ನು ಹೊರಕ್ಕೆ ಚಾಚಿಸಿ, ಅಲ್ಲಿ ಆರಿಂಚಿನ ಕೊಳವೆಗಳನ್ನು ಇಳಿಬಿಟ್ಟರು. ಕೊಳವೆಗೆ ನೇರವಾಗಿ ಬಾಯಿ ಇಡದೆ ನಡುವೆ ಒಂದು ಆಳವಾದ ತಗಡಿನ ಡಬ್ಬಿ ಕೂರಿಸಿದರು. ನೀರು ಅದರೊಳಗೆ ಬಿದ್ದು ಅರ್ಧ ಅಡಿ ಏರಿ ನಿಂತರೆ ತನ್ನ ಭಾರದಿಂದಲೇ ಕೊಳವೆಗೆ ನುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ತುದಿಯಲ್ಲಿ ದಂಬೆಯ ಅಂಚಿಗಿಂತ ಎರಡಿಂಚು ಕೆಳಗೆ ಕೈಯಗಲದ ಒಂದು ಕಿಂಡಿ ತೆಗೆಸಿದರು. ಕೊಳವೆ ಕಟ್ಟಿಕೊಂಡು ದಂಬೆ ತುಂಬುತ್ತ ಬಂದರೆ ಆ ಕಿಂಡಿಯಿಂದ ನೀರು ಗೋಡೆಯ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ಧುಮುಕುತ್ತದೆ. ಕಿಂಡಿಯಲ್ಲಿ ನೀರು ಬಿದ್ದ ದಿನ ಕಾವಲುಗಾರ ಮಾಲೀಕರಿಗೆ ಫೋನ್ ಮಾಡಬೇಕು ಎಂಬುದು ಅಲ್ಲಿಯ ನಿಯಮ. ಕಲ್ಯಾಣಮಂಟಪ, ಅಕ್ಕಿಗಿರಣಿ, ಶಾಲೆ, ಅಂಗಡಿಮಳಿಗೆ, ಎಲ್ಲೇ ಆಗಲಿ ಕಟ್ಟಡದ ಒಡಲಿನ ಮೇಲೆ ಹಾದುಹೋಗುವ ದಂಬೆಯಿದ್ದರೆ ಈ ಕಿಂಡಿ ಇಲ್ಲದೆ ಒಪ್ಪಿಕೊಳ್ಳಬೇಡಿ. ತಾರಸಿಯ ಕಟ್ಟಡಕ್ಕೂ ಇದೇ ಮಾತು. ಸುತ್ತ ಎರಡೂವರೆ ಅಡಿ ಪ್ಯಾರಪೆಟ್ ಎತ್ತಿ, ಮೂಲೆಯಲ್ಲಿ ಒಂದೇ ಜಾಲರಿ ಇಟ್ಟ ತಾರಸಿ, ಆ ಜಾಲರಿಗೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿಕೊಂಡರೆ ಕೆರೆಯಾಗುತ್ತದೆ.

ನಿರ್ವಹಣೆಗೆ ನಮ್ಮ ಮನೆಯಲ್ಲಿ ಈಗ ಎರಡು ದಿನ ನಿಗದಿಯಾಗಿವೆ. ಮೊದಲನೆಯದು ಮೇ 25ರ ಸುಮಾರಿಗೆ ರೋಹಿಣಿ ಮಳೆ ಹೂಡುವ ಮುಂಚೆ. ಎರಡನೆಯದು ಜುಲೈ ನಡುವೆ, ಆರಿದ್ರಾ ಕಳೆದು ಪುನರ್ವಸುವಿನಲ್ಲಿ ಒಂದು ಹೊಳವು ಸಿಕ್ಕಾಗ. ಅಷ್ಟರಲ್ಲಿ ಹಂಚಿನ ಪಾಚಿ ದಪ್ಪವಾಗಿ ಬೆಳೆದು ತೇಲಿಬರಲು ಶುರುವಾಗಿರುತ್ತದೆ. ಬೇಸಿಗೆಯ ಅಡ್ಡಮಳೆಗಳು ಕಸವನ್ನು ಬಾಯಿಯ ಹತ್ತಿರ ತಂದಿಡುವುದರಿಂದ ಮಾರ್ಚಿನಲ್ಲಿ ಒಮ್ಮೆ ಸ್ವಚ್ಛ ಮಾಡಿ ಸುಮ್ಮನಾದರೆ ಉಪಯೋಗವಿಲ್ಲ. ಕಸವನ್ನು ಕೊಳವೆಗೆ ನೂಕದೆ ಕೈಯಿಂದ ಎತ್ತಿ ಬುಟ್ಟಿಗೆ ಹಾಕಬೇಕು, ಬಾಯಿಯ ಕಡೆಯಿಂದ ಶುರುಮಾಡಿ ಹಿಂದೆ ಹಿಂದೆ ಹೋಗಬೇಕು. ಅಡಿಕೆ ಹಾಳೆಯ ಒಂದು ತುಂಡನ್ನು ದಂಬೆಯ ಅಗಲಕ್ಕೆ ಕತ್ತರಿಸಿಕೊಂಡರೆ ಬಣ್ಣ ಕೆರೆಯದೆ ಕೆಸರು ಗೋರಬಹುದು. ಕಬ್ಬಿಣದ ಕರಣೆ ಲೇಪವನ್ನೇ ತೆಗೆಯುತ್ತದೆ. ಉದ್ದಕ್ಕೂ ಜಾಲರಿ ಹಾಸಿದರೆ ಈ ಕೆಲಸ ತಪ್ಪುತ್ತದೆಂದು ಹೇಳುವವರಿದ್ದಾರೆ. ಹಲಸು, ಮಾವು, ತೇಗದಂಥ ದೊಡ್ಡ ಎಲೆಗೆ ಜಾಲರಿ ಒಳ್ಳೆಯದು. ತೆಂಗಿನ ಹೂವಿಗೂ ಸಿಲ್ವರ್ ಓಕಿನ ಸೀಳೆಲೆಗೂ ಅದು ತಡೆಯಾಗದು. ಕಣ್ಣುಗಳಲ್ಲಿ ಸಿಕ್ಕಿಕೊಂಡು ಜಾಲರಿಯೇ ಮುಚ್ಚಿಹೋಗುತ್ತದೆ. ನಾನು ಬಾಯಿಗೆ ಮಾತ್ರ ತಂತಿಯ ಗೋಳಾಕಾರದ ಬುಟ್ಟಿ ಹಾಕಿದ್ದೇನೆ.

ಅಂದು ಮಳೆಯಲ್ಲಿ ಒಬ್ಬನೇ ಏಣಿ ಹತ್ತಿದ್ದು ದೊಡ್ಡ ತಪ್ಪು. ಪಾಚಿ ಹಿಡಿದ ಅಂಗಳದಲ್ಲಿ ಏಣಿಯ ಕಾಲು ಜಾರುತ್ತದೆ. ಅನೇಕ ಮನೆಗಳಲ್ಲಿ ಕಂಬದಿಂದ ಬರುವ ವಿದ್ಯುತ್ ತಂತಿ ಸೂರಿನ ಪಕ್ಕದಲ್ಲೇ ಇರುತ್ತದೆ. ಒಬ್ಬರು ಏಣಿ ಹಿಡಿದಿರಲಿ, ಹೊಳವಾದ ಹಗಲಿನಲ್ಲೇ ಕೆಲಸ ನಡೆಯಲಿ. ಇನ್ನೊಂದು ಮಾತು: ವಾಟ ಕೆಟ್ಟ ದಂಬೆಯಲ್ಲಿ ಒಂದು ವಾರ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಅಲ್ಲೇ ಬೆಳೆಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು; ಮನೆಯ ಹೂಕುಂಡ, ಟಯರುಗಳನ್ನು ತಡಕಿದವರು ತಲೆಯೆತ್ತಿ ಸೂರನ್ನೂ ನೋಡಬೇಕು.

ಯಾವಾಗ ರಿಪೇರಿ ಬಿಟ್ಟು ಪೂರ್ತಿ ಬದಲಾಯಿಸಬೇಕು? ಒಂದೆರಡು ಜೋಡಣೆ ಸೋರಿದರೆ ಒಣಗಿಸಿ, ಉಜ್ಜಿ, ಹೊಸದಾಗಿ ಸೀಲ್ ಮಾಡಿದರೆ ಸಾಕು. ಬ್ರ್ಯಾಕೆಟ್ ಸಡಿಲವಾಗಿದ್ದರೆ ಅದನ್ನಷ್ಟೇ ಬದಲಿಸಬಹುದು. ಆದರೆ ತಗಡಿನ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು ಸಾಲಾಗಿ ಕಂಡರೆ, ಮಧ್ಯಾಹ್ನದ ಬಿಸಿಲಿನಲ್ಲಿ ಕೆಳಗಿನಿಂದ ನೋಡಿದಾಗ ನಕ್ಷತ್ರದಂತೆ ಬೆಳಕು ಮಿನುಗಿದರೆ, ಟಾರು ಬಳಿದು ಕಾಲ ತಳ್ಳುವುದು ದುಡ್ಡು ಹಾಳು. ಬದಲಾಯಿಸುವ ಮೊದಲು ಸೂರಿನ ಅಂಚುಹಲಗೆಗೆ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಆ ಮರ ಕುಂಬಾಗಿದೆ. ಕುಂಬಾದ ಹಲಗೆಗೆ ಹೊಸ ದಂಬೆ ಕಟ್ಟಿದರೆ ಎರಡೇ ಮಳೆಗಾಲಕ್ಕೆ ಸ್ಕ್ರೂ ಸಮೇತ ಕಳಚಿ ಬರುತ್ತದೆ. ನಮ್ಮಲ್ಲಿ ಹನ್ನೆರಡು ಮೀಟರಿನಲ್ಲಿ ಮೂರು ಮೀಟರ್ ಹಲಗೆ ತೆಗೆಸಬೇಕಾಯಿತು.

ಕೆಳಗಿಳಿದ ನೀರಿನ ಬಗ್ಗೆಯೂ ಒಂದಿಷ್ಟು. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. 60×40 ಅಡಿ ಮತ್ತು ಹೆಚ್ಚಿನ ನಿವೇಶನದ ಹಳೆಯ ಕಟ್ಟಡಗಳಿಗೂ 30×40 ಅಡಿ ಮತ್ತು ಹೆಚ್ಚಿನ ನಿವೇಶನದ ಹೊಸ ಕಟ್ಟಡಗಳಿಗೂ ಅದು ಅನ್ವಯಿಸುತ್ತದೆ. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲಿನ ಉದ್ಯಾನವೇ ಇದೆ. ಮನೆ ಕಟ್ಟಿಸುವವರು ಒಮ್ಮೆ ಹೋಗಿ ಅಲ್ಲಿಯ ಮಾದರಿಗಳನ್ನು ನೋಡಿಬಂದರೆ ಪ್ಲಂಬರಿಗೆ ಏನು ಹೇಳಬೇಕೆಂದು ತಿಳಿಯುತ್ತದೆ. ಕಾನೂನಿರಲಿ ಇಲ್ಲದಿರಲಿ, ಮಲೆನಾಡಿನಲ್ಲೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ನಮ್ಮ ಎರಡು ಕೊಳವೆಗಳಲ್ಲಿ ಒಂದನ್ನು ಬಾವಿಯಿಂದ ಮೂವತ್ತಡಿ ದೂರದ ಇಂಗುಗುಂಡಿಗೆ ಬಿಟ್ಟಿದ್ದೇನೆ. ಇನ್ನೊಂದರ ಕೆಳಗೆ, ನೀರು ಬಿದ್ದು ಅಡಿಪಾಯ ಕೊರೆಯದಿರಲೆಂದು, ಹಳೆಯ ಮನೆಯ ಸೂರಿನ ಕೆಳಗಿದ್ದ ಕಲ್ಲುಚಪ್ಪಡಿಗಳಲ್ಲಿ ಒಂದನ್ನು ತಂದು ಹಾಸಿದ್ದೇನೆ. ಹಿಂದೆ ಹನಿ ಬಿದ್ದು ಬಿದ್ದು ಅದರ ಮೇಲೆ ಸಾಲಾಗಿ ಮೂಡಿದ ಕುಳಿಗಳು ಹಾಗೆಯೇ ಇವೆ. ಕಳೆದ ಮಳೆಗಾಲದಲ್ಲಿ ಎರಡು ಬಾರಿ ದಂಬೆ ತುಂಬಿತು. ಎರಡು ಸಲವೂ ನೀರು ಮುಂದಿನ ಅಂಚಿನಿಂದ ಅಂಗಳಕ್ಕೆ ಚೆಲ್ಲಿತು. ಗೋಡೆ ಒಣಗಿಯೇ ಇತ್ತು. ಈ ಬೇಸಿಗೆಯಲ್ಲಿ ಕಲೆಯ ಜಾಗದ ಗಿಲಾವನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿಸುತ್ತಿದ್ದೇನೆ.